ಚೊಗರಿನ ಹದಕ್ಕೆ ಕುದಿಸಿದ ಕಷಾಯ

"ಗೌಡ್ರೆ, ಕೈ ಯಾಕೆ ಹಿಂಗೆ ನಡುಗ್ತಿದೆ? ಮೈಯೆಲ್ಲ ಬೆವರು ಬೇರೆ!"

ಹೀಗೆ ಕೇಳುತ್ತಲೇ ಆಶಾ ಕಾರ್ಯಕರ್ತೆ ಸುಪ್ರಿಯಾ ಜಗಲಿ ಹತ್ತಿದಳು. ತೀರ್ಥಹಳ್ಳಿ ಹತ್ತಿರದ ಆ ಮನೆಯ ಯಜಮಾನ ಹೂವಯ್ಯ ಗೌಡರಿಗೆ ಸಕ್ಕರೆ ಕಾಯಿಲೆ. ಮಾತ್ರೆ ತಪ್ಪಿಸಿದವರಲ್ಲ.

"ಕಣ್ಣು ಕತ್ಲೆ ಬರ್ತಿದೆ ಮಾರಾಯ್ತಿ."

"ಅಮ್ಮಾ, ನೀರಿಗೆ ಬೆಲ್ಲ ಕದಡಿ ತನ್ನಿ, ಬೇಗ!"

ಗೌಡರ ಹೆಂಡತಿ ಮೂಕಮ್ಮ ಸೊಂಟದ ಮೇಲೆ ಕೈಯಿಟ್ಟರು. "ಶುಗರ್ ಇರೋರಿಗೆ ಬೆಲ್ಲಾನಾ? ನಿಂಗೆ ತಲೆ ಸಮ ಇದ್ಯಾ?"

"ಶುಗರ್ ಇಳಿದು ಹೋದಂಗೆ ಕಾಣ್ತದೆ. ನನ್ನ ಆಮೇಲೆ ಬೈರಿ, ಮೊದ್ಲು ಬೆಲ್ಲ ತನ್ನಿ."

ಬೆಲ್ಲದ ನೀರು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಗೌಡರ ಬೆವರು ಆರಿತು. "ಇವಳ ಕೈಯಿಂದ ಸಿಹಿ ಕುಡಿದು ಯಾವ ಕಾಲ ಆಗಿತ್ತು!" ಎಂದರು.

"ನಗ್ಬೇಡಿ, ನನ್ನ ಜೀವ ಹೋಗಿತ್ತು," ಎಂದು ಮೂಕಮ್ಮ ಅವರ ಹಣೆ ಒರೆಸಿದರು.

"ಬೆಳಿಗ್ಗೆ ಏನು ಕೊಟ್ರಿ ಅಮ್ಮಾ?"

"ಮಾತ್ರೆ. ಆಮೇಲೆ ಶುಗರಿಗೆ ಅಂತ ಮಧುನಾಶಿನಿ ಎಲೆ ಕಷಾಯ. ಬೇಗ ಗುಣ ಆಗ್ಲಿ ಅಂತ ಚೊಗರಿನ ಹದಕ್ಕೆ ಇಳಿಸಿದ್ದೆ."

ಅಡಿಕೆ ಬೇಯಿಸಿದ ನೀರೇ ಚೊಗರು. ಅದು ಕುದಿದು ಗಟ್ಟಿಯಾದಷ್ಟೂ ಅಡಿಕೆಗೆ ಬಣ್ಣ. ಆ ಕೆಲಸದಲ್ಲಿ ಮೂಕಮ್ಮನದು ಪಳಗಿದ ಕೈ.

"ಅಡಿಕೆಗೆ ಅದು ಸರಿ. ಕಷಾಯದಲ್ಲಿ ನೀರು ಬತ್ತಿ ಹೋಗ್ತದೆ, ಎಲೆಯ ಸತ್ವ ಅಲ್ಲೇ ಉಳೀತದೆ. ಲೋಟ ಅದೇ, ಮದ್ದು ಎಷ್ಟೋ ಪಾಲು ಜಾಸ್ತಿ. ಮೇಲಿಂದ ಮಾತ್ರೆ ಬೇರೆ. ಎರಡೂ ಸೇರಿ ಶುಗರ್ ಇಳಿಸಿರ್ಬೇಕು."

"ಸೊಪ್ಪಲ್ವೇನೇ ಅದು? ಸೊಪ್ಪು ಎಂಥ ಮಾಡ್ತದೆ?"

"ಏನೂ ಮಾಡದಿದ್ರೆ ನೀವ್ಯಾಕೆ ಕೊಟ್ರಿ?"

ಗೌಡರು ಬಿದ್ದು ಬಿದ್ದು ನಕ್ಕರು. ಮೂಕಮ್ಮನಿಗೂ ನಗು ತಡೆಯಲಾಗಲಿಲ್ಲ.

"ಹಂಗಾರೆ ತುಳಸಿನೂ ಕುದಿಸಬಾರ್ದಾ?"

"ಅದರ ಸತ್ವ ಪರಿಮಳದಲ್ಲಿದೆ. ತುಂಬ ಕುದಿಸಿದ್ರೆ ಹಬೆ ಜೊತೆ ಹೋಗ್ತದೆ. ಬಿಸಿನೀರು ಹೊಯ್ದು ಮುಚ್ಚಿಡಿ, ಸಾಕು. ಒಂದೊಂದು ಗಿಡಕ್ಕೆ ಒಂದೊಂದು ಕ್ರಮ."

ಓದುವ ಅಕ್ಕ-ಅಣ್ಣಂದಿರೇ, ಹಿತ್ತಲಿನ ಮದ್ದಿನ ಮೇಲೆ ನಮಗೂ ಪ್ರೀತಿಯೇ. ಸೊಪ್ಪಿಗೆ ಬಲವಿದೆ ಎಂದು ನಂಬುವ ನಾವು ಅದರ ಅಳತೆಯನ್ನೂ ಕೇಳಬೇಕಲ್ಲವೇ? ಯಾವ ಭಾಗ, ಎಷ್ಟು ನೀರು, ಎಷ್ಟು ಕುದಿ ಎಂದು ಬಲ್ಲ ವೈದ್ಯರನ್ನು ಕೇಳಿ. ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳದೆ ಕಷಾಯ ಕುಡಿಯಬೇಡಿ. ಕಷಾಯ ಇದೆಯೆಂದು ಮಾತ್ರೆ ಬಿಡಲೂ ಬೇಡಿ.

ಅಂದು ಗೌಡರಿಗೆ ಎರಡು ಕಡುಬು ತಿನ್ನಿಸಿ ಸುಪ್ರಿಯಾ ಆಟೋ ಕರೆಸಿದಳು. "ಶುಗರ್ ಮತ್ತೆ ಇಳೀಬಹುದು, ಆಸ್ಪತ್ರೆಗೆ ಹೋಗಿ ಬರೋಣ."

"ಕಷಾಯದ ವಿಷ್ಯ ಡಾಕ್ಟ್ರಿಗೆ ಯಾರು ಹೇಳೋದು? ಬೈತಾರೆ," ಎಂದು ಗೌಡರು ಹಿಂಜರಿದರು.

"ಕುದಿಸಿದವಳು ನಾನು, ನಾನೇ ಹೇಳ್ತೀನಿ."

ಮೂಕಮ್ಮ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮೊದಲು ಆಟೋ ಹತ್ತಿ ಕೂತರು.