ಮುನಿಸ್ವಾಮಪ್ಪನ ಮನೆಯ ಒದೆಯುವ ಹಸು

ಪಶುಸಂಗೋಪನೆ ಡಿಪ್ಲೊಮಾ ಮುಗಿಸಿ ಬೂದಿಕೋಟೆ ಪಕ್ಕದ ಹಾಲಿನ ಡೈರಿಗೆ ಕಾಂಪೌಂಡರಾಗಿ ಸೇರಿದಾಗ ಅಲ್ಲಿನ ದನದ ಡಾಕ್ಟರು ವೆಂಕಟೇಶಪ್ಪ ನನಗೆ ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಒಬ್ಬ ರೈತನಾದರೂ ನನ್ನ ಹೆಸರು ಹಿಡಿದು ಕರೆಸಿಕೊಳ್ಳಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಇಪ್ಪತ್ತೆಂಟು ದಿನ ಮುಗಿದಿತ್ತು. ಹೋದ ಮನೆಯಲ್ಲೆಲ್ಲ "ಗಂಡು ಕಾಂಪೌಂಡರು ಇಲ್ವಾ?" ಎಂದೇ ವಿಚಾರಣೆ. ನನಗೋ ಮೂಗಿನ ತುದಿಯಲ್ಲೇ ಕೋಪ; ನಾಲ್ಕು ಮನೆಯಲ್ಲಿ ಜಗಳವಾಡಿ ಬಂದಿದ್ದೆ.

ಇಪ್ಪತ್ತೊಂಬತ್ತನೇ ದಿನ ಮುನಿಸ್ವಾಮಪ್ಪನವರ ಸರದಿ. ಅವರ ಸೀಮೆಹಸುವಿಗೆ ಕೆಚ್ಚಲು ಬಾವು. ಹಿಂದಿನ ದಿನ ಡಾಕ್ಟರು ಪರೀಕ್ಷೆ ಮಾಡಿ, ಜೊತೆಗೊಂದು ಒದೆಯನ್ನೂ ತಿಂದು, ಮೂರು ದಿನ ಮೊಲೆಯೊಳಗೆ ಟ್ಯೂಬಿನ ಔಷಧಿ ಏರಿಸಲು ನನಗೆ ಹೇಳಿದ್ದರು.

ಮುನಿಸ್ವಾಮಪ್ಪ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತರು. "ಟ್ಯೂಬು ಇಲ್ಲೇ ಇಟ್ಟೋಗಮ್ಮ. ನಾನೇ ಆಕ್ಕೊಂತೀನಿ."

"ಎಣ್ಣುಡುಗಿ ಅಂತಾನಾ ಮಾವ?"

"ಅಯ್ಯೋ, ಅದಲ್ಲ ಕಣಮ್ಮ..."

ಅದಲ್ಲದೆ ಇನ್ನೇನು! ಅವರನ್ನು ಸರಿಸಿಕೊಂಡು ಒಳಗೆ ನುಗ್ಗಿದೆ. ಹಸು ಬೀಸಿದ ಕಾಲಿಗೆ ನನ್ನ ಬಕೆಟ್ಟು ಗೋಡೆಗೆ ಹಾರಿತು. ಎರಡನೇ ಸಲ ಗೋಡೆಗೆ ಅಂಟಿಕೊಂಡವಳು ನಾನೇ.

"ದಿನಾ ಆಲು ಯಾರು ಕರೀತಾರೆ?"

"ನಮ್ಮ ಅನಸೂಯಮ್ಮ. ಮಗಳ ಬಾಣಂತನಕ್ಕೆ ರಾಬರ್ಟ್‌ಸನ್‌ಪೇಟೆಗೆ ಓಗಿ ವಾರ ಆಯ್ತು. ಈಗ ನಾನೇ."

"ನಿಮ್ಗೆ ಒದೆಯಲ್ವಾ?"

ಅವರ ಕಣ್ಣು ಗೋಡೆಯ ಕಡೆ ಹೋಯಿತು. ಗೂಟದ ಮೇಲೆ ಒಂದು ಗಿಳಿಹಸಿರು ಸೀರೆ ನೇತಾಡುತ್ತಿತ್ತು. ಉಡುವವರು ಊರಲ್ಲಿಲ್ಲ, ಅಂಚಿಗೆ ಮೆತ್ತಿದ ಸಗಣಿ ಮಾತ್ರ ಇನ್ನೂ ಹಸಿ. ಆಗ ಹೊಳೆಯಿತು: ಹೆಂಡತಿಯ ಸೀರೆ ಕಾಣದೆ ಹಸು ಹಾಲು ಬಿಡುವುದಿಲ್ಲ. ಮನುಷ್ಯ ವಾರದಿಂದ ಬಾಗಿಲು ಹಾಕಿಕೊಂಡು ಸೀರೆ ಉಟ್ಟು ಹಾಲು ಕರೆಯುತ್ತಿದ್ದಾರೆ!

"ಯಾರ್ಗೂ ಏಳ್ಬೇಡ ತಾಯಿ. ಊರಾಗೆ ತಲೆ ಎತ್ತೋಕಾಗಲ್ಲ."

ನಗು ತಡೆಯಲು ತುಟಿ ಕಚ್ಚಿಕೊಂಡು ಆಣೆ ಮಾಡಿದೆ. ಸೀರೆಯನ್ನು ಪ್ಯಾಂಟಿನ ಮೇಲೇ ಸುತ್ತಿಕೊಂಡು, ಮುನಿಸ್ವಾಮಪ್ಪ ತೋರಿಸಿದಂತೆ ಅನಸೂಯಮ್ಮ ಕೂರುವ ಬಲಗಡೆಗೇ ಹೋಗಿ ಕೂತೆ. ಹಸು ಮೂಸಿತು. ಇನ್ನೊಮ್ಮೆ ಮೂಸಿ ಮೆಲುಕು ಹಾಕತೊಡಗಿತು. ಕೆಟ್ಟ ಹಾಲನ್ನೆಲ್ಲ ಹಿಂಡಿ ತೆಗೆದು, ಮೊಲೆಯ ತುದಿ ಒರೆಸಿ, ಔಷಧಿ ಏರಿಸಿದೆ. ಅಷ್ಟು ಸಂತೋಷ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಮರುದಿನ, ಗಡುವಿನ ಕೊನೆಯ ಬೆಳಿಗ್ಗೆ, ಡೈರಿಯ ಮುಂದೆ ಹಾಲಿನವರ ಸಾಲು. ಡಾಕ್ಟರೂ ಇದ್ದರು. ಔಷಧಿ ಹಾಕಿದ ಹಸುವಿನ ಹಾಲನ್ನು ಡೈರಿಗೆ ಹಾಕುವಂತಿಲ್ಲವಾದ್ದರಿಂದ ಮುನಿಸ್ವಾಮಪ್ಪ ಬರೀ ಬೂಸಾ ಕೊಳ್ಳಲು ಬಂದಿದ್ದರು.

"ಏನಣ್ಣ, ಆ ಉಡುಗಿ ಕೈಲಿ ಅಸು ಉಳೀತಾ?" ಎಂದು ಸಾಲಿನಲ್ಲಿದ್ದ ಆಂಜಿನಪ್ಪ ಕೆಣಕಿದ. ನಾಲ್ಕೈದು ಜನ ಕಿಸಕ್ಕೆಂದರು. ನಾನು ಬಾಯಿ ತೆರೆಯುವ ಮೊದಲೇ ಮುನಿಸ್ವಾಮಪ್ಪ ಬೂಸಾ ಮೂಟೆ ಕೆಳಗಿಟ್ಟರು.

"ಕೇಳ್ರಲಾ! ನನ್ನೆಂಡ್ರು ಸೀರೆ ಉಟ್ಕಂಡ್ರೇನೇ ಆ ಅಸು ಮುಟ್ಟಿಸ್ಕೊಳ್ಳೋದು. ವಾರದಿಂದ ನಾನೇ ಉಟ್ಕಂಡು ಕರ್ದಿದ್ದೀನಿ. ನಗೋರು ನಗ್ರಿ. ಡಾಕ್ಟ್ರಿಗೇ ಒದ್ದ ಅಸು ಅದು. ಈಯಮ್ಮ ಬಂದು ಒಂದೇ ಸಲಕ್ಕೆ ಅದರ ಮನಸ್ಸು ತಿಳ್ಕಂಡ್ಲು." ಆಮೇಲೆ ಡಾಕ್ಟರ ಕಡೆ ತಿರುಗಿದರು. "ಇವತ್ತೂ ನಾಳೀಕೂ ನಮ್ಮನೆಗೆ ಈ ಕಲ್ಪನಮ್ಮನ್ನೇ ಕಳ್ಸಿ ಸಾರ್."

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಡಾಕ್ಟರು ನಗುತ್ತಲೇ ಪೆನ್ನು ತೆಗೆದು ಡೈರಿಯ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು. ತಲೆ ಎತ್ತಲಾಗುವುದಿಲ್ಲ ಎಂದು ನಿನ್ನೆ ಬೇಡಿಕೊಂಡ ಮನುಷ್ಯ ಇಂದು ನನಗಾಗಿ ಅಷ್ಟು ಜನರ ನಡುವೆ ತಲೆ ಎತ್ತಿ ನಿಂತಿದ್ದರು. ನನಗೆ ಅಳು ಬಂತು, ಅಲ್ಲೇ ಅತ್ತುಬಿಟ್ಟೆ.