ಕಿತ್ತಳೆ ಎಲೆಯ ಮೈಮುನಾ

ಕಪ್ಪು ಅಬಾಯಾ ತೊಟ್ಟು ಮುಖ ಮುಚ್ಚಿಕೊಂಡ ಹೆಂಗಸರು ಶಾಲೆಯ ಬಸ್ಸಿನಿಂದ ಒಬ್ಬರ ಹಿಂದೆ ಒಬ್ಬರಂತೆ ಇಳಿಯುತ್ತಿದ್ದರೆ, ಅವರಲ್ಲಿ ಮೈಮುನಾ ಯಾರೆಂದು ಗುರುತಿಸಲು ನನಗೆ ಕ್ಷಣವೂ ಬೇಕಿರಲಿಲ್ಲ. ಸೌದಿ ಅರೇಬಿಯಾದ ಅಂಗೈಯಷ್ಟು ಸಪಾಟಾದ ಊರು ಬುರೈದಾದಲ್ಲಿ ಅವಳೊಬ್ಬಳೇ ಇಳಿಜಾರು ಇಳಿಯುವವಳ ಹಾಗೆ, ಬೆನ್ನನ್ನು ತುಸು ಹಿಂದಕ್ಕೆ ವಾಲಿಸಿ, ಹಿಮ್ಮಡಿಯನ್ನು ಊರಿ ಊರಿ ನಡೆಯುತ್ತಿದ್ದಳು. ಕೇಪ್ ಟೌನಿನ ಗುಡ್ಡದ ಓಣಿಯಲ್ಲಿ ನಡೆಯಲು ಕಲಿತ ಕಾಲುಗಳು ಅವು. ಮರಳುಗಾಡಿಗೆ ಬಂದು ಎರಡು ವರ್ಷ ಕಳೆದರೂ ನೆಲ ಇಲ್ಲಿ ಸಮವಾಗಿದೆಯೆಂಬ ಸುದ್ದಿ ಅವಕ್ಕೆ ಮುಟ್ಟಿರಲಿಲ್ಲ.

ಅವಳು ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು, ನಾನು ಗಣಿತ. ಸುಡಾನಿನ ಉಮ್ದುರ್ಮಾನ್ ನನ್ನ ಊರು. ಒಂದೇ ಕಟ್ಟಡದಲ್ಲಿ ನಾನು ಮೇಲೆ, ಅವಳು ಮತ್ತು ಅವಳ ಗಂಡ ಕೆಳಗೆ. ಏನನ್ನಾದರೂ ಕೇಳುವ ಮೊದಲು ‘ಕನಲ್ಲಾ’ ಎನ್ನುವುದು, ಕೊಟ್ಟ ಮೇಲೆ ‘ತ್ರಮಕಾಸಿ’ ಎನ್ನುವುದು ಅವಳ ರೂಢಿ. ಜಾವಾ ಕಡೆಯಿಂದ ಹಡಗಿನಲ್ಲಿ ಸೆರೆಯಾಳಾಗಿ ಬಂದ ಪೂರ್ವಜರು ಬಿಟ್ಟುಹೋದ ಈ ಮಾತುಗಳನ್ನು ಅವಳು ಲೋಕದ ಮುಸಲ್ಮಾನರೆಲ್ಲರ ಮಾತೆಂದೇ ನಂಬಿ ಬೆಳೆದಿದ್ದಳು. ಇಲ್ಲಿ ತರಕಾರಿಯವನು ಕಣ್ಣು ಕಣ್ಣು ಬಿಟ್ಟಾಗ ಪೆಚ್ಚಾದಳು. ತನ್ನ ಊರಿನಲ್ಲಿ ಎಲ್ಲರ ಬಾಯಲ್ಲೂ ‘ಮುಸಲ್ಮಾನರ ಹುಡುಗಿ’ಯಾಗಿದ್ದವಳನ್ನು ಇಲ್ಲಿಯ ಶಿಕ್ಷಕಿಯರು, ನೀನು ಇಸ್ಲಾಮಿಗೆ ಬಂದದ್ದು ಯಾವಾಗ ಎಂದು ಕೇಳುತ್ತಿದ್ದರು. ಮುನ್ನೂರು ವರ್ಷವಾಯಿತು ಎಂದು ಇವಳು ಗಂಭೀರವಾಗಿ ಹೇಳಿದರೆ ಅವರಿಗೆ ಅದೊಂದು ತಮಾಷೆ. ಒಬ್ಬಾಕೆಯಂತೂ, ಹೊಸದಾಗಿ ಧರ್ಮಕ್ಕೆ ಬಂದವರು ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುವ ಬಗೆಯನ್ನು ತಿಳಿಸುವ ಕಿರುಪುಸ್ತಕವನ್ನು ಅಕ್ಕರೆಯಿಂದ ತಂದುಕೊಟ್ಟಳು. ಮೈಮುನಾ ಅದನ್ನು ಕಣ್ಣಿಗೊತ್ತಿಕೊಂಡು ಕಪಾಟಿನ ಮೇಲಿಟ್ಟಳು, ಓದಲಿಲ್ಲ.

ಇದನ್ನೆಲ್ಲ ಅವಳು ಸಹಿಸಿಕೊಂಡದ್ದು ತಾಯಿಗಾಗಿ. ಮೊಣಕಾಲು ಸೋತ ಆ ವಿಧವೆ, ಮಗಳು ಕೈಹಿಡಿದು ನಡೆಸುತ್ತಾಳೆಂಬ ಧೈರ್ಯದ ಮೇಲೆ ಆ ವರ್ಷ ಹಜ್‌ಗೆ ಬರಲಿದ್ದಳು. ಅಲ್ಲಿಯವರೆಗೆ ತನ್ನ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ರದ್ದಾಗದೆ ಉಳಿದರೆ ಸಾಕೆಂದು ಮೈಮುನಾ ಪ್ರತಿ ನಮಾಜಿನಲ್ಲೂ ಬೇಡುತ್ತಿದ್ದಳು.

ಹೀಗಿರುವಾಗ ಪೈಗಂಬರರು ಹುಟ್ಟಿದ ತಿಂಗಳು ಬಂತು. ತನ್ನ ಊರಿನ ರೂಢಿಯಂತೆ ಹಬ್ಬಕ್ಕೆ ಕಿತ್ತಳೆ ಎಲೆ ಕತ್ತರಿಸಲು ಹೆಂಗಸರೆಲ್ಲ ಯಾರ ಮನೆಯಲ್ಲಿ ಸೇರುತ್ತಾರೆ ಎಂದು ಅವಳು ನನ್ನನ್ನು ಕೇಳಿದಳು. ಯಾರ ಮನೆಯಲ್ಲೂ ಇಲ್ಲ, ಮೌಲಿದ್, ಪೈಗಂಬರರ ಹುಟ್ಟುಹಬ್ಬ, ಎಂದರೆ ಇಲ್ಲಿ ಧರ್ಮಕ್ಕೆ ಆಮೇಲೆ ಸೇರಿಸಿದ ಪಾಪ, ಬಾಯಿ ಬಿಡಬೇಡ ಎಂದೆ. ನಮ್ಮ ಊರಿನಲ್ಲೂ ಮೌಲಿದ್‌ಗೆ ಸಕ್ಕರೆ ಗೊಂಬೆ ಮಾರುತ್ತಾರೆ. ನಾನು ವಿಮಾನ ಇಳಿದ ದಿನವೇ ಅದನ್ನು ಮರೆತವಳಂತೆ ಇದ್ದುಬಿಟ್ಟಿದ್ದೆ. ಅವಳಿಗೆ ಆ ಜಾಣತನ ಬರಲಿಲ್ಲ. ಶಾಲೆಯ ಅಂಗಳದ ಮರದಿಂದ ಕಿತ್ತಳೆ ಎಲೆ ತಂದು, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಗುಲಾಬಿ ಎಣ್ಣೆ ಸವರಿ, ಧೂಪದ ಹೊಗೆ ಕೊಟ್ಟು, ಕೆಂಪು ತೆಳುಕಾಗದದಲ್ಲಿ ಪುಟ್ಟ ಪುಟ್ಟ ಗಂಟು ಕಟ್ಟಿದಳು. ಅಷ್ಟಕ್ಕೇ ನಿಲ್ಲಿಸಬಾರದಿತ್ತೆ? ಪಕ್ಕದ ಮನೆಯ ಉಮ್ ಫವಾಜ್, ನಮ್ಮ ಕಟ್ಟಡದ ಒಡೆಯನ ಹೆಂಡತಿ, ಮೊಮ್ಮಗನನ್ನು ನೋಡಲು ಕರೆದಾಗ ಒಂದು ಗಂಟನ್ನು ಮಗುವಿನ ದಿಂಬಿನಡಿ ಇಟ್ಟು ಬಂದಳು. ಅವಳ ಊರಿನಲ್ಲಿ ಅದು ಹಾರೈಕೆ. ಈ ಊರಿನಲ್ಲಿ ಕೂಸಿನ ತಲೆಯಡಿ ಸಿಕ್ಕ ಗಂಟಿಗೆ ಇರುವುದು ಒಂದೇ ಅರ್ಥ: ಮಾಟ. ಅದಕ್ಕೆ ಇಲ್ಲಿ ಸಿಗುವ ಶಿಕ್ಷೆ ಬರಿಯ ಗಡಿಪಾರಲ್ಲ, ತಲೆಯೇ ಹೋದೀತು.

ಮರುದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಲೇ ಉಮ್ ಫವಾಜ್ ಬಂದಳು, ಗಂಟನ್ನು ಕೆಂಡದ ಇಕ್ಕಳದಲ್ಲಿ ಹಿಡಿದುಕೊಂಡು. ಮಾತನ್ನು ಅರಬ್ಬಿಗೆ ತಿರುಗಿಸಲೆಂದು ಮೈಮುನಾ ನನ್ನನ್ನು ಕೆಳಗೆ ಕೂಗಿದಳು. ಉಮ್ ಫವಾಜ್ ಅವಳನ್ನೇ ಕೇಳಿದಳು:

“ಟೀಚರಮ್ಮ, ನಮ್ಮ ಯಜಮಾನ್ರಿಗೆ ಇನ್ನೂ ಹೇಳಿಲ್ಲ. ನಿನ್ನ ಬಾಯಿಂದ್ಲೇ ಕೇಳೋಣ ಅಂತ ಬಂದೆ. ಕೂಸಿನ ತಲೆ ಕೆಳಗೆ ಏನಮ್ಮ ಇದು?”

ನಬಿಯವರು ಹುಟ್ಟಿದ ದಿನಕ್ಕೆಂದು ಮಾಡಿದ್ದು ಎಂದು ಹೇಳಲು ಮೈಮುನಾ ನನಗೆ ತಿಳಿಸಿದಳು. ನಾನು ಅರಬ್ಬಿಯಲ್ಲಿ, ಬಟ್ಟೆ ಘಮ್ಮೆನ್ನಲಿ ಎಂದು ಇಟ್ಟದ್ದು ಎಂದೆ. ಅಷ್ಟರ ಮಟ್ಟಿಗೆ ಅರಬ್ಬಿ ಬಲ್ಲ ಮೈಮುನಾ ನನ್ನತ್ತ ತಿರುಗಿದಳು.

“ನಬಿ ಹೆಸರನ್ನ ಎಲ್ಲಿ ಬಿಟ್ಟೆ?”

ಬಳಿಕ ತಾನೇ ಉಮ್ ಫವಾಜಳ ಕಡೆ ನೋಡಿ, “ನಬಿ. ಮೌಲಿದ್” ಎಂದಳು.

ಉಮ್ ಫವಾಜ್ ನೆಲದ ಮೇಲೆ ಕೂತು ಗಂಟು ಬಿಚ್ಚಿದಳು. ಬರಹಕ್ಕಾಗಿ, ಕೂದಲಿಗಾಗಿ, ಉಗುರಿಗಾಗಿ ಹುಡುಕಿದಳು. ಎಲೆಯ ಹೊರತು ಏನೂ ಇರಲಿಲ್ಲ.

“ಮಾಟ ಅಲ್ಲ ಅಂತ ಗೊತ್ತಾಯ್ತು. ಏನು ಅಂತ ಮಾತ್ರ ಗೊತ್ತಾಗ್ತಿಲ್ಲ. ನಬಿ ಮೇಲೆ ಇಷ್ಟು ಪ್ರೀತಿ ಇರೋರು, ನಬಿ ಹೇಳದೇ ಇರೋದನ್ನ ಯಾಕಮ್ಮ ಮಾಡ್ತೀರಿ?”

ಕೊಂಕಿರಲಿಲ್ಲ, ತಿಳಿಯದೆಯೇ ಕೇಳಿದ್ದಳು. ಮೈಮುನಾ ನೆಲಕ್ಕೆ ಚದುರಿದ ಎಲೆಯನ್ನು ಅಂಗೈಗೆ ಬಳಿದುಕೊಂಡಳು.

“ಇರೋದೆಲ್ಲಾ ತಂದು ನನ್ನೆದುರಿಗೆ ಸುಟ್ಬಿಡು. ಮಾತು ಈ ಹೊಸಿಲು ದಾಟಲ್ಲ.”

ಧೂಪದ ಕುಂಡದಲ್ಲಿ ಮೈಮುನಾ ಒಂದೊಂದೇ ಗಂಟು ಹಾಕಿದಳು. ಮೊದಲು ಕಮಟು ಹೊಗೆ ಎದ್ದಿತು, ಅದರ ಹಿಂದೆ ಗುಲಾಬಿ, ಕೊನೆಗೆ ಮನೆ ತುಂಬ ಕಿತ್ತಳೆ. ಹೊರಡಲು ಎದ್ದ ಉಮ್ ಫವಾಜ್, ಧೂಪ ಹಾಕಿದ ಮನೆಯಿಂದ ಏಳುವ ಇಲ್ಲಿಯ ಯಾವ ಅತಿಥಿಯೂ ಮಾಡುವಂತೆ, ಮುಸುಕಿನ ಅಂಚನ್ನು ಹಿಗ್ಗಲಿಸಿ ಹೊಗೆಯನ್ನು ಒಳಗೆ ತುಂಬಿಕೊಂಡಳು. ತಾನು ಮಾಡುತ್ತಿರುವುದು ಏನೆಂದು ಹೊಳೆದು ತಟ್ಟನೆ ಕೈಬಿಟ್ಟಳು. ನಮ್ಮಿಬ್ಬರ ಮುಖ ನೋಡಿ, ಮುಸುಕನ್ನು ಬಿಗಿಯಾಗಿ ಸುತ್ತಿಕೊಂಡು ಹೋದಳು.

ಇಕಾಮಾ ಉಳಿಯಿತು. ಆದರೆ ಪಾಪ ಮಾಡಿದ್ದು ಕಟ್ಟುವಾಗಲೋ ಸುಡುವಾಗಲೋ ಎಂದು ಮೈಮುನಾ ದಿನಗಟ್ಟಲೆ ನನ್ನನ್ನು ಕೇಳಿದಳು. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ಶುಕ್ರವಾರ ತಾಯಿಯ ಫೋನು ಬಂತು. ನಬಿಯವರ ನಾಡಿನಲ್ಲೇ ಮೌಲಿದ್ ಮಾಡುವ ಭಾಗ್ಯ ನಿನ್ನದು, ಹೇಗಾಯಿತು ಎಂದು ಆಕೆ ಕೇಳಿದಳಂತೆ.

“ಮನೆಯೆಲ್ಲಾ ಘಮಘಮ ಅಂತಿತ್ತು ಅಮ್ಮಾ,” ಅಂದಳಂತೆ ಇವಳು. “ಪಕ್ಕದ ಮನೆಯವರೂ ಬಂದಿದ್ರು.”

ದೂರದ ನಾಡೊಂದನ್ನು ತಲೆಮಾರುಗಳ ಕಾಲ ಪ್ರೀತಿಸಿ, ಕೊನೆಗೆ ಅಲ್ಲಿಗೇ ಬಾಳಲು ಬಂದವರನ್ನು ಆಮೇಲೂ ಕಂಡಿದ್ದೇನೆ. ತಂದ ಪ್ರೀತಿಯನ್ನು ಎಲ್ಲಿ ಇಳಿಸಬೇಕೆಂದು ಅವರಿಗೆ ತಿಳಿಯುವುದಿಲ್ಲ, ಹೊತ್ತು ಹಿಂದಿರುಗಲು ಮನಸ್ಸೂ ಬಾರದು. ಮನೆಯವರಿಗಂತೂ ಅವರು ಇದನ್ನು ಹೇಳುವುದೇ ಇಲ್ಲ. ಹೇಗೆ ಹೇಳಿಯಾರು, ಊರಿನಲ್ಲಿ ಅವರ ತಾಯಂದಿರು ದಿನಕ್ಕೆ ಐದು ಹೊತ್ತು ನಮಾಜಿಗೆ ಈ ದಿಕ್ಕಿಗೇ ಮುಖಮಾಡಿ ನಿಲ್ಲುತ್ತಾರೆ.