ಟೈಂಪ್ಲೀಸ್

ಸ್ಕ್ಯಾನಿಂಗ್ ಯಂತ್ರದೊಳಗಿನಿಂದ ತಮ್ಮನನ್ನು ಎರಡನೇ ಸಲ ಹೊರಗೆಳೆದಾಗ ಅವನ ಅಂಗಿ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಇಪ್ಪತ್ತು ವರ್ಷ ಬಸ್ಸು ಓಡಿಸಿದ ಗಟ್ಟಿ ಆಳು, ಒಳಗಿನ ಇಕ್ಕಟ್ಟಿಗೆ ಹೆದರಿ, ತಡೆಯಲಾಗದಿದ್ದರೆ ಒತ್ತಲೆಂದು ಕೈಗೆ ಕೊಟ್ಟಿದ್ದ ರಬ್ಬರ್ ಬುಗ್ಗೆಯನ್ನು ಒತ್ತಿ ಒತ್ತಿ ಯಂತ್ರ ನಿಲ್ಲಿಸಿದ್ದ. ಬೆನ್ನುಮೂಳೆಯ ಗಡ್ಡೆಯ ಚಿತ್ರ ಸಿಗದೆ ಡಾಕ್ಟರು ಆಪರೇಷನ್ನಿಗೆ ಕೈಹಾಕುವವರಲ್ಲ. ತಡವಾದಷ್ಟೂ ಕಾಲುಗಳು ಕೈಕೊಡುತ್ತವೆ ಎಂದು ಎಚ್ಚರಿಸಿದ್ದರು.

"ಇನ್ನೊಂದೇ ಸಲ," ಎಂದ ತಂತ್ರಜ್ಞ. "ಈಗ್ಲೂ ಆಗದಿದ್ರೆ ಹದಿನೈದು ದಿನ ಬಿಟ್ಟು ಬನ್ನಿ."

ಜೊತೆಗೊಬ್ಬರು ಒಳಗಿರಬಹುದು ಎಂದದ್ದಕ್ಕೆ ಅಕ್ಕ ಬಂದಳು. ಬಟ್ಟೆ ಹೊಲಿಯುವವಳು. ಮೈಮೇಲೆ ಲೋಹ ಇರಬಾರದೆಂದಾಗ ಅವಳ ಕಾಲರಿನಿಂದ, ತೋಳಿನ ಮಡಿಕೆಯಿಂದ ಹನ್ನೊಂದು ಗುಂಡುಸೂಜಿ ಹೊರಬಂದವು. ಭಯಕ್ಕೋ ಏನೋ, ಅವಳು ತಂತ್ರಜ್ಞನಿಗೆ ಹಳೆಯ ಕಥೆಯೊಂದನ್ನು ಶುರುಮಾಡಿದಳು: ಚಿಕ್ಕಂದಿನಲ್ಲಿ ಐಸ್‌ಪೈಸ್ ಆಡುವಾಗ ಇವನು ಹಾಸಿಗೆ ತುಂಬುವ ಟ್ರಂಕಿನೊಳಗೆ ಅಡಗಿದ್ದು, ತಾನು ಚಿಲಕ ಹಾಕಿ ಮರೆತದ್ದು, ಸಂಜೆ ಅಮ್ಮ ಮುಚ್ಚಳ ತೆಗೆದರೆ ಇವನು ಆರಾಮಾಗಿ ನಿದ್ದೆ ಹೊಡೆಯುತ್ತಿದ್ದದ್ದು. ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಅವಳು ಹೇಳುವ ಕಥೆ ಅದು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು, ಅವನೂ ನಗುತ್ತಿದ್ದ.

ಈಗ ನಗಲಿಲ್ಲ.

"ನಿದ್ದೆ ಅಲ್ಲ ಅಕ್ಕ, ಎಚ್ಚರ ತಪ್ಪಿತ್ತು. ಟೈಂಪ್ಲೀಸ್ ಅಂದೆ. ಪಾಪ, ನಿಂಗೆ ಕೇಳಿಸ್ಲಿಲ್ಲ."

ಅವರ ಓಣಿಯಲ್ಲಿ ಆ ಮಾತನ್ನು ಮೀರಿದ ಕಾನೂನಿರಲಿಲ್ಲ. ಟೈಂಪ್ಲೀಸ್ ಅಂದರೆ ಆಟ ಅಲ್ಲೇ ನಿಲ್ಲಬೇಕು. ಆದರೆ ಸಿಕ್ಕಿಬೀಳುವಾಗಲೆಲ್ಲ ಅದನ್ನೇ ಹೇಳಿ ಜಾರಿಕೊಳ್ಳುವುದು ಇವನ ಚಾಳಿ. ಅಂದೂ ಕಳ್ಳಾಟವೇ ಎಂದುಕೊಂಡಿದ್ದಳು. ಸದ್ದಡಗಿದಾಗ ಗೆದ್ದೆನೆಂದು ಹೊರಗೆ ಓಡಿದ್ದಳು.

"ಕೇಳಿಸ್ತು ಕಣೋ," ಎಂದಳು. "ಆರು ಸಲ ಅಂದೆ. ನಾನು ಟ್ರಂಕಿನ ಮೇಲೇ ಕೂತಿದ್ದೆ."

ಅವನು ಮೇಲಿನ ದೀಪದತ್ತ ಮುಖ ತಿರುಗಿಸಿದ.

"ಏಳು," ಎಂದ.

ಅಕ್ಕನನ್ನು ಎದ್ದುಹೋಗು ಎಂದನೆಂದು ತಿಳಿದು ತಂತ್ರಜ್ಞ ಬಾಗಿಲು ತೆರೆದ. ಅವಳಿಗೆ ಲೆಕ್ಕ ಅರ್ಥವಾಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗದೆ ಕೂತಲ್ಲೇ ಕೂತು, ಅವನ ಕಾಲಿನ ಹೆಬ್ಬೆರಳು ಹಿಡಿದುಕೊಂಡಳು. ಬುಗ್ಗೆ ಒತ್ತಬೇಡ, ಬೆರಳು ಮಡಚು, ಸಾಕು, ನಾನು ನಿಲ್ಲಿಸ್ತೀನಿ ಎಂದಳು.

ಮಂಚ ಒಳಗೆ ಸರಿಯಿತು. ಯಂತ್ರ ತಗಡು ಬಡಿದ ಹಾಗೆ ಸದ್ದು ಮಾಡತೊಡಗಿತು. ಐದು ನಿಮಿಷವಾಯಿತು, ಹತ್ತಾಯಿತು. ಅವಳು ಬೆರಳನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಬೆರಳು ಮಡಚಿತು.

ಇನ್ನೆರಡೇ ನಿಮಿಷ, ತಡೆದುಕೊಳ್ಳಲಿ ಎಂದಿತು ಮನಸ್ಸು. ನಿಲ್ಲಿಸಿದರೆ ಹದಿನೈದು ದಿನ, ಅಷ್ಟರಲ್ಲಿ ಕಾಲು ಏನಾಗುತ್ತದೋ. ಅವಳು ಎದ್ದು ಗಾಜಿನತ್ತ ಎರಡೂ ಕೈ ಬೀಸಿದಳು.

ಸದ್ದು ನಿಂತಿತು. ಗಾಜಿನಾಚೆ ತಂತ್ರಜ್ಞ ಹಣೆ ಚಚ್ಚಿಕೊಂಡ.

"ನಿಲ್ಲಿಸಿದ್ಯಾ ಅಕ್ಕ?" ಒಳಗಿನಿಂದ ತಮ್ಮನ ದನಿ ಬಂತು.

"ನಿಲ್ಲಿಸ್ದೆ ಕಣೋ. ಹೊರಗೆ ಬಾ."

"ಬೇಡ. ಮೊದಲಿಂದ ಶುರು ಮಾಡಕ್ಕೆ ಹೇಳು. ಇಲ್ಲೇ ಇರ್ತೀನಿ."

ತಂತ್ರಜ್ಞ ಗಡಿಯಾರ ನೋಡಿದ, ಅವಳ ಮುಖ ನೋಡಿದ, ಗುಂಡಿ ಒತ್ತಿದ. ಅವಳು ಮತ್ತೆ ಬೆರಳು ಹಿಡಿದಳು. ಅದು ಬೆಚ್ಚಗೆ, ಸಡಿಲವಾಗಿ, ಕೊನೆಯವರೆಗೂ ಅವಳ ಮುಷ್ಟಿಯೊಳಗಿತ್ತು.